ಹಾರಾಟದಲ್ಲಿ ಎಂಜಿನ್ ಕೈಕೊಟ್ಟಾಗ: ಹುಬ್ಬಳ್ಳಿ, ಗದಗ, ಹಾವೇರಿ ಬಯಲಿನ ಮೇಲೆ ಹಾರುವ ಸಣ್ಣ ವಿಮಾನದ ಪೈಲಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಕೆಳಗೆ ಬೀಳುವುದಿಲ್ಲ. ಸೆಸ್ನಾ 172ರಂಥ ವಿಮಾನ, ಸರಿಯಾದ ವೇಗವನ್ನು ಕಾಯ್ದುಕೊಂಡರೆ, ಗಾಳಿಯಿಲ್ಲದ ದಿನ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ, ಅಂದರೆ ಹತ್ತಿರಹತ್ತಿರ 2.8 ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ. ಹೀಗಿದ್ದೂ ಇಂಥ ಸಂದರ್ಭದಲ್ಲಿ ಜನ ಸಾಯುವುದಕ್ಕೆ ಹೆಚ್ಚಿನ ಮಟ್ಟಿಗೆ ಎರಡು ಕಾರಣಗಳಿರುತ್ತವೆ. ಎಂಜಿನ್ ನಿಂತಿದೆ ಎಂಬುದನ್ನು ಒಪ್ಪಿಕೊಳ್ಳಲು ತಡಮಾಡಿ ವೇಗ ಕಳೆದುಕೊಳ್ಳುವುದು ಒಂದು. ಇಳಿಯುವ ಜಾಗವನ್ನು ಕೊನೆಯ ಗಳಿಗೆಯಲ್ಲಿ ಹುಡುಕುವುದು ಇನ್ನೊಂದು. ಎಂಜಿನ್ ಮತ್ತೆ ಹೊತ್ತಿಕೊಳ್ಳುವುದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ, ಆದರೆ ಈ ಎರಡೂ ಪೂರ್ತಿಯಾಗಿ ನಮ್ಮ ಕೈಯಲ್ಲಿವೆ. ಅದಕ್ಕಾಗಿಯೇ ಈ ಬರಹದಲ್ಲಿ ಎಂಜಿನ್ನಿಗಿಂತ ನೆಲದ ಮಾತೇ ಹೆಚ್ಚಾಗಿ ಬಂದಿದೆ.

ಇಲ್ಲಿ ಕೊಟ್ಟಿರುವ ಅಂಕಿಗಳು ಬಹುತೇಕ ಸೆಸ್ನಾ 172ಕ್ಕೆ ಸಂಬಂಧಿಸಿದವು. ನೀವು ಹಾರಿಸುವ ವಿಮಾನದ ಹ್ಯಾಂಡ್‌ಬುಕ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ, ಅದನ್ನೇ ಬಾಯಿಪಾಠ ಮಾಡಬೇಕು. ಓದಿದ್ದನ್ನು ಬೋಧಕರ ಜೊತೆ ಕೂತು ಗಾಳಿಯಲ್ಲಿ ಅಭ್ಯಾಸ ಮಾಡದೆ ಇದು ಕೈಗೆ ಹತ್ತುವ ವಿದ್ಯೆಯಲ್ಲ.

ಎತ್ತರದ ಲೆಕ್ಕ ಮೊದಲು ಸರಿಯಾಗಲಿ

ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಆಲ್ಟಿಮೀಟರ್ 4,500 ಅಡಿ ತೋರಿಸುತ್ತಿದ್ದರೆ ನೆಲದಿಂದ ನಿಮ್ಮ ಎತ್ತರ ಬರೀ 2,300 ಅಡಿ. ಗ್ಲೈಡ್‌ನಲ್ಲಿ, ಅಂದರೆ ಎಂಜಿನ್ ಬಲವಿಲ್ಲದೆ ತೇಲುವಾಗ, ನಿಮಿಷಕ್ಕೆ ಸುಮಾರು 700 ಅಡಿ ಇಳಿಯುವ ವಿಮಾನಕ್ಕೆ ಇದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಸಮಯ, ಆರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದೂರ. ಕರಾವಳಿಯಲ್ಲಿ ಹಾರಿ ರೂಢಿಯಾದವರು ಈ ಬಯಲುಸೀಮೆಗೆ ಬಂದಾಗ 3,500 ಅಡಿಯನ್ನು ಸಾಕಷ್ಟು ಎತ್ತರವೆಂದು ಭಾವಿಸುವುದುಂಟು. ಇಲ್ಲಿ ಅದು 1,300 ಅಡಿ, ಎರಡು ನಿಮಿಷವೂ ಸಿಗುವುದಿಲ್ಲ. ಮೋಡ ಮತ್ತು ವಾಯುಸಂಚಾರ ನಿಯಂತ್ರಣದ ಅನುಮತಿ ಎರಡೂ ಒದಗಿದರೆ ಒಂದೆರಡು ಸಾವಿರ ಅಡಿ ಹೆಚ್ಚಿಗೆ ಏರಿ ಹಾರುವುದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಬೇಸಿಗೆಯ ಲೆಕ್ಕ ಇನ್ನೊಂದು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಉಷ್ಣತೆ 38 ಡಿಗ್ರಿ ಮುಟ್ಟಿದಾಗ ಹುಬ್ಬಳ್ಳಿಯ ರನ್‌ವೇ ಮೇಲಿನ ಗಾಳಿ, ತೆಳುವಿನ ಲೆಕ್ಕದಲ್ಲಿ, ಐದು ಸಾವಿರ ಅಡಿ ಮೀರಿದ ಎತ್ತರದ ಗಾಳಿಗೆ ಸಮನಾಗುತ್ತದೆ. ಎಂಜಿನ್ ಬಲ ಕಡಿಮೆ, ಏರುವ ವೇಗ ಕಡಿಮೆ, ಮತ್ತು ಮಾಪಕದಲ್ಲಿ ಕಾಣುವ 65 ನಾಟ್‌ಗೆ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ನಿಜವಾದ ವೇಗ 70 ದಾಟಿರುತ್ತದೆ. ಇಳಿಯುವಾಗ ನೆಲ ಹೆಚ್ಚು ಜೋರಾಗಿ ಓಡಿ ಬಂದಂತೆ ಕಾಣುತ್ತದೆ. ಆಗ ಕಣ್ಣನ್ನು ನಂಬಿ ವೇಗ ತಗ್ಗಿಸಲು ಹೋಗಬಾರದು, ಮಾಪಕವನ್ನು ನಂಬಬೇಕು.

ನೆಲದ ಮೇಲೆಯೇ ತಪ್ಪಿಸಬಹುದಾದ ತೊಂದರೆ

ಎಂಜಿನ್ ನಿಲ್ಲುವ ಕಾರಣಗಳಲ್ಲಿ ಪಿಸ್ಟನ್ ಒಡೆಯುವುದು, ಕ್ರ್ಯಾಂಕ್‌ಶಾಫ್ಟ್ ಮುರಿಯುವುದು ಇದ್ದೇ ಇವೆ. ಆದರೆ ಪೈಲಟ್‌ನ ಕೈಯಿಂದಲೇ ಆಗುವ ಕಾರಣಗಳು ಇಂಧನಕ್ಕೆ ಸಂಬಂಧಿಸಿದವು: ಇಂಧನ ಮುಗಿಯುವುದು, ಒಂದು ಟ್ಯಾಂಕ್ ತುಂಬಿದ್ದರೂ ಯಾವ ಟ್ಯಾಂಕಿನಿಂದ ಇಂಧನ ಎಂದು ಆರಿಸುವ ಸೆಲೆಕ್ಟರ್ ಖಾಲಿ ಟ್ಯಾಂಕಿನ ಮೇಲೆಯೇ ಉಳಿದಿರುವುದು, ಇಂಧನದಲ್ಲಿ ನೀರು ಸೇರುವುದು. ಮಳೆಗಾಲದಲ್ಲಿ ರಾತ್ರಿಯಿಡೀ ಬಯಲಲ್ಲಿ ನಿಂತ ವಿಮಾನದ ಟ್ಯಾಂಕಿನ ಮುಚ್ಚಳದ ರಬ್ಬರು ಹಳತಾಗಿದ್ದರೆ ನೀರು ಒಳಗಿಳಿಯುತ್ತದೆ. ಬೆಳಿಗ್ಗೆ ವಿಮಾನವನ್ನು ಅಲುಗಾಡಿಸುವ ಮೊದಲೇ ಪ್ರತಿಯೊಂದು ಡ್ರೈನ್‌ನಿಂದಲೂ ಪಾರದರ್ಶಕ ಲೋಟಕ್ಕೆ ಇಂಧನ ಹಿಡಿದು, ಬೆಳಕಿಗೆ ಎತ್ತಿ ನೋಡಬೇಕು. 100 ಎಲ್‌ಎಲ್ ಏವಿಯೇಷನ್ ಪೆಟ್ರೋಲು ತಿಳಿ ನೀಲಿ ಬಣ್ಣದ್ದು. ನೀರಿದ್ದರೆ ಲೋಟದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ, ಲೋಟ ಓರೆ ಮಾಡಿದರೆ ಪಾದರಸದ ಹಾಗೆ ಜಾರುತ್ತದೆ. ಇಡೀ ಲೋಟವೇ ಬಣ್ಣವಿಲ್ಲದೆ ಕಂಡರೆ ಅದು ಪೂರ್ತಿ ನೀರೂ ಆಗಿರಬಹುದು, ತಪ್ಪಾಗಿ ತುಂಬಿದ ಜೆಟ್ ಇಂಧನವೂ ಆಗಿರಬಹುದು; ಮೂಗಿಗೆ ಹಿಡಿದು, ಬೆರಳಿಗೆ ತಾಗಿಸಿ ನೋಡಿ. ಶುದ್ಧ ಇಂಧನ ಬರುವ ತನಕ ಹಿಡಿಯುತ್ತಲೇ ಇರಬೇಕು. ಬರದಿದ್ದರೆ ಆ ದಿನ ಹಾರಾಟವಿಲ್ಲ.

ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದಕ್ಕೆ ಡ್ಯಾಶ್‌ಬೋರ್ಡಿನ ಮುಳ್ಳು ಸಾಕ್ಷಿಯಲ್ಲ. ಅಳತೆಕೋಲು ಇಳಿಸಿ ನೋಡಿ, ಗಂಟೆಗೆ 30–35 ಲೀಟರ್ ಎಂದು ಲೆಕ್ಕ ಹಾಕಿ, ಗಮ್ಯ ತಲುಪಿದ ಮೇಲೂ ಒಂದು ಗಂಟೆಗೆ ಸಾಕಾಗುವಷ್ಟು ಉಳಿಯಬೇಕು ಎಂಬುದು ನನ್ನ ಕಟ್ಟುನಿಟ್ಟು. ನಿಯಮ ಇದಕ್ಕಿಂತ ಕಡಿಮೆಗೆ ಒಪ್ಪುತ್ತದೆ, ಆದರೆ ಹುಬ್ಬಳ್ಳಿಯಲ್ಲಿ ಇಳಿಯಲಾಗದೆ ಬೆಳಗಾವಿಯ ಸಾಂಬ್ರಾಕ್ಕೋ ಶಿವಮೊಗ್ಗಕ್ಕೋ ತಿರುಗಬೇಕಾಗಿ ಬಂದ ದಿನ ಆ ಹೆಚ್ಚಿನ ಇಂಧನದ ಬೆಲೆ ತಿಳಿಯುತ್ತದೆ.

ಎಂಜಿನ್ ನಿಂತ ಕ್ಷಣ: ವೇಗ

ಸದ್ದು ಬದಲಾಗುತ್ತದೆ, ಮೂಗು ಕೆಳಗಿಳಿಯಲು ನೋಡುತ್ತದೆ, ಕೈ ತಾನಾಗಿಯೇ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತದೆ. ಎತ್ತರ ಉಳಿಸಿಕೊಳ್ಳಬೇಕೆಂಬ ಈ ಸಹಜ ಪ್ರವೃತ್ತಿಯೇ ಅಪಾಯದ ಮೂಲ, ಏಕೆಂದರೆ ಬಲವಿಲ್ಲದ ವಿಮಾನದ ಮೂಗು ಎತ್ತಿ ಹಿಡಿದರೆ ವೇಗ ಕೆಲವೇ ಸೆಕೆಂಡುಗಳಲ್ಲಿ ಕರಗಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಮತಲ ಹಾರಾಟದ ವೇಗ ಗ್ಲೈಡ್ ವೇಗಕ್ಕೆ ಇಳಿಯುವ ತನಕ ಎತ್ತರವನ್ನು ಹಿಡಿದು, ಆ ವೇಗ ಬಂದ ಕೂಡಲೇ ಮೂಗು ಇಳಿಸಿ, ಕೈ ಬಿಟ್ಟರೂ ಆ ವೇಗ ನಿಲ್ಲುವಂತೆ ಟ್ರಿಮ್ ಕೊಟ್ಟುಬಿಡಬೇಕು. ಹಳೆಯ 172 ಎನ್ ಮಾದರಿಗೆ ಈ ವೇಗ 65 ನಾಟ್, 172 ಎಸ್‌ಗೆ 68, ಸೆಸ್ನಾ 152ಕ್ಕೆ 60, ಪೈಪರ್ ಆರ್ಚರ್‌ಗೆ 76. ಟ್ರಿಮ್ ಚಕ್ರ ಸರಿಯಾಗಿ ಕೂತರೆ ಕೈಗೆ ಬಿಡುವು ಸಿಗುತ್ತದೆ, ತಲೆಗೆ ಯೋಚಿಸಲು ಜಾಗ ಸಿಗುತ್ತದೆ. ಮುಂದಿನ ಎಲ್ಲ ಕೆಲಸಗಳೂ ಈ ಒಂದು ಕೆಲಸ ಆದ ಮೇಲಿನವು. ರೇಡಿಯೊ ಹಿಡಿದು ಮಾತಾಡುತ್ತ ವೇಗ 50ಕ್ಕೆ ಇಳಿಸಿಕೊಂಡವನಿಗೆ ಯಾವ ಟವರೂ ನೆರವಾಗಲಾರದು.

ಹೊಲ ಆರಿಸುವುದು

ವೇಗ ಹಿಡಿತಕ್ಕೆ ಬಂದ ಮೇಲೆ ಎರಡನೆಯ ಕೆಲಸ ಇಳಿಯುವ ಜಾಗವನ್ನು ಗೊತ್ತುಮಾಡುವುದು. ಮಾಡಬೇಕಾದ ಕ್ರಮ ಇದು: ಮೊದಲು ರೆಕ್ಕೆಯ ಕೆಳಗೇ ನೋಡಿ, ಆಮೇಲೆ ಎರಡೂ ಪಕ್ಕ, ಕೊನೆಗೆ ಮುಂದೆ. ದೂರದ ಸುಂದರವಾದ ಹೊಲಕ್ಕಿಂತ ಹತ್ತಿರದ ಸಾಧಾರಣ ಹೊಲ ಮೇಲು. ಹಿಂದೆ ದಾಟಿಬಂದ ಹೊಲವನ್ನೂ ಮರೆಯಬಾರದು. ಹಾರಾಟದುದ್ದಕ್ಕೂ, ಎಂಜಿನ್ ಸುಸೂತ್ರವಾಗಿ ಓಡುತ್ತಿರುವಾಗಲೇ, ಐದೈದು ನಿಮಿಷಕ್ಕೊಮ್ಮೆ ‘ಈಗ ನಿಂತರೆ ಎಲ್ಲಿ?’ ಎಂದು ಕೇಳಿಕೊಳ್ಳುವ ಅಭ್ಯಾಸವಿದ್ದರೆ ಉತ್ತರ ಆಗಲೇ ಸಿದ್ಧವಿರುತ್ತದೆ.

ಗಾಳಿಯ ದಿಕ್ಕು ಮೊದಲು ತಿಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಭಾಗದಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದ್ದು. ಗದಗ ಜಿಲ್ಲೆಯ ಮೇಲೆ ಹಾರುವವರಿಗೆ ಒಂದು ಅನುಕೂಲವಿದೆ: ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳು ತಿರುಗುತ್ತಿರುವಾಗ ತಮ್ಮ ರೆಕ್ಕೆಯ ಮುಖವನ್ನು ಗಾಳಿ ಬರುವ ಕಡೆಗೇ ಇಟ್ಟುಕೊಂಡಿರುತ್ತವೆ. ಅವುಗಳ ಹತ್ತಿರ ಮಾತ್ರ ಇಳಿಯಲು ಹೋಗಬಾರದು, ಹೊಸ ಯಂತ್ರಗಳ ರೆಕ್ಕೆಯ ತುದಿ ನೂರು ಮೀಟರಿಗೂ ಮೇಲೇರುತ್ತದೆ, ಜೊತೆಗೆ ತಂತಿಗಳ ಜಾಲವಿರುತ್ತದೆ. ಬೇರೆಡೆ ಹೊಲದಲ್ಲಿ ಕಸ ಸುಡುವ ಹೊಗೆ, ಕೆರೆಯ ಮೇಲಿನ ಅಲೆ ದಿಕ್ಕು ಹೇಳುತ್ತವೆ. ಗಾಳಿ ಬರುವ ಕಡೆಯ ದಂಡೆಯ ಹತ್ತಿರ ನೀರು ಶಾಂತವಾಗಿರುತ್ತದೆ. ಗಾಳಿಗೆ ಎದುರಾಗಿ ಇಳಿಯುವುದರ ಲಾಭ ಸಣ್ಣದಲ್ಲ. 50 ನಾಟ್ ವೇಗದಲ್ಲಿ ನೆಲ ಮುಟ್ಟುವ ವಿಮಾನಕ್ಕೆ 10 ನಾಟ್ ಗಾಳಿ ಎದುರಿದ್ದರೆ ನೆಲದ ವೇಗ 40, ಬೆನ್ನಿಗಿದ್ದರೆ 60. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎರಡನೆಯದರಲ್ಲಿ ಅದು ಮೊದಲನೆಯದರ ಎರಡೂಕಾಲು ಪಟ್ಟು.

ಇನ್ನು ನೆಲ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆ ಭೂಮಿ ಮೇಲಿನಿಂದ ನೋಡಿದರೆ ಇಡೀ ರಾಜ್ಯದಲ್ಲೇ ಅತ್ಯುತ್ತಮ ಇಳಿದಾಣದಂತೆ ಕಾಣುತ್ತದೆ: ಸಪಾಟು, ವಿಶಾಲ, ಮರ ಕಡಿಮೆ. ಆದರೆ ಈ ನೆಲದ ಸ್ವಭಾವ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಮತ್ತು ರೈತನಿಗೆ ಗೊತ್ತಿರುವಷ್ಟು ಅದು ಪೈಲಟ್‌ಗೂ ಗೊತ್ತಿರಬೇಕು. ಜುಲೈನಿಂದ ಸೆಪ್ಟೆಂಬರ್ ತನಕ ಮಳೆಯುಂಡ ಎರೆ ಮಣ್ಣು ಎತ್ತಿನ ಗಾಡಿಯ ಚಕ್ರವನ್ನೇ ಬಿಡುವುದಿಲ್ಲ; ವಿಮಾನದ ಮೂಗಿನ ಸಣ್ಣ ಚಕ್ರ ಅದರಲ್ಲಿ ಹೂತುಕೊಂಡರೆ ವಿಮಾನ ಮುಂದಕ್ಕೆ ಪಲ್ಟಿಯಾಗುವ ಸಂಭವ ಹೆಚ್ಚು. ಆಗ ಸಾಧ್ಯವಾದಷ್ಟು ಎತ್ತರದ, ಕಲ್ಲು ಬೆರೆತ ಮಸಾರಿ ಭೂಮಿಯನ್ನೋ ಹುಲ್ಲುಗಾವಲನ್ನೋ ಹುಡುಕುವುದು ಲೇಸು. ಎರೆಯೇ ಗತಿಯಾದರೆ ಆದಷ್ಟು ನಿಧಾನವಾಗಿ, ಮೂಗಿನ ಚಕ್ರವನ್ನು ಕೊನೆಯವರೆಗೂ ಎತ್ತಿ ಹಿಡಿದು ಇಳಿಯಬೇಕು. ಮಾರ್ಚ್‌ನಿಂದ ಮೇ ತನಕ ಅದೇ ನೆಲ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಕುಂಟೆ ಹೊಡೆದು ಹರಗಿದ ಹೊಲವಾದರೆ ಒಳ್ಳೆಯ ಇಳಿದಾಣ. ನೇಗಿಲಿನಿಂದ ಆಳವಾಗಿ ಉತ್ತು ಹೆಂಟೆ ಎದ್ದ ಹೊಲವಾದರೆ ಅಲ್ಲ.

ಹಿಂಗಾರಿನ ಬೆಳೆಯನ್ನು ಬಣ್ಣದಿಂದ ಗುರುತಿಸಲು ಕಲಿಯಬೇಕು. ಡಿಸೆಂಬರ್–ಜನವರಿಯಲ್ಲಿ ಕಡಲೆ ಹೊಲ ಮೊಣಕಾಲೆತ್ತರವೂ ಇರುವುದಿಲ್ಲ, ತಗ್ಗಾಗಿ ನೆಲಕ್ಕೆ ಹಾಸಿಕೊಂಡಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಸೀಮೆಯಲ್ಲಿ ಸಿಗಬಹುದಾದ ಅತ್ಯುತ್ತಮ ಹೊಲ ಅದೇ. ಅದರ ಪಕ್ಕದಲ್ಲೇ ನಿಂತ ಬಿಳಿಜೋಳ ಆಳೆತ್ತರ ಬೆಳೆದಿರುತ್ತದೆ, ಮೇಲಿನಿಂದ ಎರಡೂ ಹಸಿರೇ. ವ್ಯತ್ಯಾಸ ತಿಳಿಯುವುದು ನೆರಳಿನಿಂದ: ಬೆಳಿಗ್ಗೆ ಮತ್ತು ಸಂಜೆ ಜೋಳದ ಹೊಲದ ಅಂಚಿನಲ್ಲಿ ಗಾಢವಾದ ನೆರಳಿನ ಗೆರೆ ಬಿದ್ದಿರುತ್ತದೆ, ಕಡಲೆಯ ಅಂಚಿನಲ್ಲಿ ಬಿದ್ದಿರುವುದಿಲ್ಲ. ಹತ್ತಿ ಸೊಂಟದೆತ್ತರದ ಗಟ್ಟಿ ಕಡ್ಡಿಯ ಬೆಳೆ. ಹಾವೇರಿ, ರಾಣೆಬೆನ್ನೂರು ಕಡೆಯ ಗೋವಿನಜೋಳ ಆಗಸ್ಟ್–ಅಕ್ಟೋಬರ್‌ನಲ್ಲಿ ತಲೆ ಮೀರಿ ಬೆಳೆದಿರುತ್ತದೆ. ಎತ್ತರದ ಬೆಳೆಯಲ್ಲೇ ಇಳಿಯಬೇಕಾದರೆ ತೆನೆಯ ಮೇಲ್ಭಾಗವನ್ನೇ ನೆಲವೆಂದು ಭಾವಿಸಿ ಅಲ್ಲಿ ವೇಗ ತಗ್ಗಿಸಬೇಕು. ಯಾವ ಬೆಳೆಯೇ ಇರಲಿ, ಸಾಲಿನ ಉದ್ದಕ್ಕೆ ಇಳಿಯಬೇಕು. ಗಾಳಿ ಸ್ವಲ್ಪ ಪಕ್ಕದಿಂದ ಬಂದರೂ ಚಿಂತೆಯಿಲ್ಲ, ಸಾಲಿಗೆ ಅಡ್ಡ ಇಳಿದರೆ ಪ್ರತಿ ದಿಂಡೂ ಒಂದು ಪೆಟ್ಟು.

ಅಡ್ಡಿಗಳ ವಿಷಯಕ್ಕೆ ಬಂದರೆ, ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಹೊಲದ ನಡುವೆ ಬೋರ್‌ವೆಲ್ ಮನೆಯೋ ಟಿಸಿಯೋ (ಟ್ರಾನ್ಸ್‌ಫಾರ್ಮರ್) ಕಂಡರೆ ಅಲ್ಲಿಗೆ ಕರೆಂಟು ಎಲ್ಲಿಂದಲೋ ಬಂದಿರಲೇಬೇಕು. ಕಂಬದಿಂದ ಕಂಬಕ್ಕೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ತಂತಿ ದಾಟಲೇಬೇಕಾದರೆ ಕಂಬದ ಮೇಲೆಯೇ ದಾಟಬೇಕು, ತಂತಿಯ ಅತಿ ಎತ್ತರದ ಜಾಗ ಅದು. ಬದು ಮತ್ತು ಕೃಷಿಹೊಂಡಗಳು ತಗ್ಗಿಗೆ ಬಂದ ಮೇಲಷ್ಟೇ ಸ್ಪಷ್ಟವಾಗುತ್ತವೆ. ಬೆಣ್ಣೆಹಳ್ಳದ ದಂಡೆಗುಂಟ ಜಾಲಿಕಂಟಿ ಬೆಳೆದಿರುವ ಕಡೆ ನೆಲ ಕೊರೆದಿರುತ್ತದೆ, ದೂರವಿರಿ.

ಧಾರವಾಡದ ಪಶ್ಚಿಮಕ್ಕೆ ಚಿತ್ರ ಬೇರೆಯಾಗುತ್ತದೆ. ಮಾವಿನ ತೋಪು, ಕಲಘಟಗಿಯ ಕಬ್ಬು ಮತ್ತು ಗದ್ದೆ, ಅಳ್ನಾವರ ದಾಟಿದರೆ ದಾಂಡೇಲಿಯ ಕಾಡು. ಗೋವಾ ಕಡೆಗೆ ಒಂದೇ ಎಂಜಿನ್ನಿನಲ್ಲಿ ಹೋಗುವವರು ಕಾಡಿನ ಮೇಲೆ ನೇರ ಗೆರೆ ಎಳೆಯುವ ಬದಲು ಬಯಲಿನ ಮೇಲೆಯೇ ಎತ್ತರ ಗಳಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಹೆದ್ದಾರಿಯ ಬಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳುತ್ತಾನೆ. ಪುಣೆ–ಬೆಂಗಳೂರು ರಸ್ತೆ ಮೇಲಿನಿಂದ ರನ್‌ವೇಯಂತೆಯೇ ತೋರುತ್ತದೆ, ಆದರೆ ಅದರ ಮೇಲೆ ಅಡ್ಡ ಸೇತುವೆಗಳಿವೆ, ದೀಪದ ಕಂಬಗಳಿವೆ, ತಂತಿಗಳು ಹಾಯ್ದಿವೆ, ಮತ್ತು ಲಾರಿ, ಬಸ್ಸು, ಬೈಕುಗಳಲ್ಲಿ ನಮ್ಮ ತೊಂದರೆಗೆ ಸಂಬಂಧವೇ ಇಲ್ಲದ ಜನ ಹೋಗುತ್ತಿರುತ್ತಾರೆ. ಸುತ್ತ ಹೊಲ ಇರುವ ತನಕ ಹೆದ್ದಾರಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ಖಚಿತ ನಿಲುವು. ನೀರಸಾಗರದಂಥ ಜಲಾಶಯವೂ ಆಯ್ಕೆಯಲ್ಲ. ಚಕ್ರ ಮಡಚದ ವಿಮಾನ ನೀರು ಮುಟ್ಟಿದ ಕೂಡಲೇ ಮಗುಚಿಕೊಳ್ಳಬಹುದು.

ಮತ್ತೆ ಹೊತ್ತಿಸುವ ಯತ್ನ

ಹೊಲದ ಕಡೆಗೆ ಮೂಗು ತಿರುಗಿದ ಮೇಲೆಯೇ ಕಾರಣ ಹುಡುಕುವ ಕೆಲಸ. ಕೈ ಒಂದು ಗೊತ್ತಾದ ದಾರಿಯಲ್ಲಿ ಸಾಗಬೇಕು. ಕಾರ್ಬ್ ಹೀಟ್ ಒಂದನ್ನು ಬಿಟ್ಟು ಉಳಿದದ್ದನ್ನು ಕಾಕ್‌ಪಿಟ್‌ನ ನೆಲದಿಂದ ಶುರುಮಾಡಿ ಮೇಲಕ್ಕೆ, ಎಡಕ್ಕೆ ಎಂದು ಅಭ್ಯಾಸ ಮಾಡಿದರೆ ಗಾಬರಿಯಲ್ಲೂ ತಪ್ಪುವುದಿಲ್ಲ. ಕಾರ್ಬ್ಯುರೇಟರ್ ಇರುವ 172ರಲ್ಲಿ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ಗುಂಡಿ) ಪೂರ್ತಿ ಎಳೆಯಿರಿ, ಮತ್ತು ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ, ಏಕೆಂದರೆ ಎಂಜಿನ್ನಿನ ಬಿಸಿ ಆರಿದರೆ ಕಾರ್ಬ್ಯುರೇಟರಿನಲ್ಲಿ ಕಟ್ಟಿದ ಮಂಜು ಕರಗಿಸಲು ಶಾಖವೇ ಉಳಿಯುವುದಿಲ್ಲ. ಆಮೇಲೆ ಫ್ಯೂಯೆಲ್ ಸೆಲೆಕ್ಟರ್ ‘ಬೋತ್’ ಮೇಲಿದೆಯೇ ನೋಡಿ. ಪೈಪರ್‌ನಲ್ಲಿ ಆ ಸ್ಥಾನವೇ ಇಲ್ಲ, ಇನ್ನೊಂದು ಟ್ಯಾಂಕಿಗೆ ಬದಲಿಸಬೇಕು. ಫ್ಯೂಯೆಲ್ ಇಂಜೆಕ್ಷನ್ ಇರುವ 172 ಎಸ್‌ನಲ್ಲಿ ಶಟ್‌ಆಫ್ ಗುಂಡಿ ಪೂರ್ತಿ ಒಳಗಿರಲಿ, ಸಹಾಯಕ ಪಂಪ್ ಆನ್ ಆಗಲಿ. ಇಂಧನ–ಗಾಳಿಯ ಪ್ರಮಾಣ ನಿಯಂತ್ರಿಸುವ ಮಿಕ್ಸ್ಚರ್ ಮುಂದಕ್ಕೆ. ಇಗ್ನಿಷನ್ ‘ಬೋತ್’. ಪ್ರೈಮರ್ (ಎಂಜಿನ್ ಶುರುಮಾಡಲು ಇಂಧನ ತಳ್ಳುವ ಕೈಪಂಪು) ಇದ್ದರೆ ಒಳಗೆ ಹೋಗಿ ಬೀಗ ಕೂತಿದೆಯೇ ಖಚಿತಪಡಿಸಿಕೊಳ್ಳಿ. ಗ್ಲೈಡ್ ವೇಗದಲ್ಲಿ ಪ್ರೊಪೆಲ್ಲರ್ ಗಾಳಿಗೇ ತಿರುಗುತ್ತಿರುತ್ತದೆ, ಹಾಗಾಗಿ ಕಾರಣ ಸರಿಹೋದರೆ ಎಂಜಿನ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪ್ರೊಪೆಲ್ಲರ್ ಪೂರ್ತಿ ನಿಂತಿದ್ದರೆ ಮಾತ್ರ ಸ್ಟಾರ್ಟರ್ ಬೇಕು.

ಇಷ್ಟಕ್ಕೆ ಹದಿನೈದು–ಇಪ್ಪತ್ತು ಸೆಕೆಂಡು ಸಾಕು. ಒಮ್ಮೆ ಮಾಡಿ, ಸಮಯವಿದ್ದರೆ ಚೆಕ್‌ಲಿಸ್ಟ್ ತೆಗೆದು ಓದಿ ಇನ್ನೊಮ್ಮೆ ಮಾಡಿ. ನೆಲದಿಂದ ಸಾವಿರ ಅಡಿಗೆ ಬಂದ ಮೇಲೆ ಎಂಜಿನ್ನಿನ ಆಸೆ ಬಿಟ್ಟು ಪೂರ್ತಿ ಗಮನವನ್ನು ಇಳಿಯುವುದಕ್ಕೆ ಕೊಡಬೇಕು.

ಅರ್ಧ ಬಲದ ಎಂಜಿನ್

ಪೂರ್ತಿ ನಿಂತ ಎಂಜಿನ್ನಿಗಿಂತ ಅರೆಬರೆ ಓಡುವ ಎಂಜಿನ್ ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಅದು ಆಸೆ ಹುಟ್ಟಿಸುತ್ತದೆ. ನಡುಗುತ್ತಿದೆ, ಆರ್‌ಪಿಎಂ ಇಳಿದಿದೆ, ಆದರೂ ಹಾರುತ್ತಿದೆ. ‘ಹುಬ್ಬಳ್ಳಿ ಮುಟ್ಟಬಹುದೇನೋ’ ಎನಿಸುತ್ತದೆ. ಇಂಥಲ್ಲಿ ಎಂಜಿನ್ ಯಾವ ಕ್ಷಣದಲ್ಲಾದರೂ ನಿಲ್ಲುತ್ತದೆ ಎಂದೇ ಎಣಿಸಿ, ಇಳಿಯಬಲ್ಲ ಹೊಲವೊಂದು ಸದಾ ಗ್ಲೈಡ್ ದೂರದಲ್ಲಿರುವಂತೆ, ಊರುಗಳನ್ನು ತಪ್ಪಿಸಿ ದಾರಿ ಹಿಡಿಯಬೇಕು.

ಮಳೆಗಾಲದಲ್ಲಿ ಮೊದಲು ಶಂಕಿಸಬೇಕಾದದ್ದು ಕಾರ್ಬ್ಯುರೇಟರ್ ಒಳಗಿನ ಮಂಜು. ಹೊರಗೆ 22 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ತುಂಬಿದ್ದರೆ, ಇಂಧನ ಆವಿಯಾಗುವಾಗಿನ ತಂಪಿಗೆ ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜು ಕಟ್ಟುತ್ತದೆ. ಧಾರವಾಡದ ಜುಲೈ ತಿಂಗಳ ಹವೆ ಇದಕ್ಕೆ ಹೇಳಿ ಮಾಡಿಸಿದ್ದು, ಅದರಲ್ಲೂ ಬಲ ತಗ್ಗಿಸಿ ಕೆಳಗಿಳಿಯುವಾಗ. ಲಕ್ಷಣ ಮೆಲ್ಲಗೆ ಬರುತ್ತದೆ: ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ನೂರು, ಇನ್ನೂರು ಇಳಿದಿರುತ್ತದೆ. ಕಾರ್ಬ್ ಹೀಟ್ ಎಳೆದ ಕೂಡಲೇ ಆರ್‌ಪಿಎಂ ಇನ್ನಷ್ಟು ಬೀಳುತ್ತದೆ, ಕರಗಿದ ನೀರು ಒಳಹೋಗುವಾಗ ಎಂಜಿನ್ ಕೆಮ್ಮಿದಂತೆ ಒದ್ದಾಡುತ್ತದೆ. ಅನುಭವವಿಲ್ಲದವರು ಇಲ್ಲಿಯೇ ಹೆದರಿ ಗುಂಡಿಯನ್ನು ಮತ್ತೆ ಒಳಗೆ ತಳ್ಳುತ್ತಾರೆ. ತಳ್ಳಬಾರದು. ಅದು ಗುಣವಾಗುತ್ತಿರುವ ಸದ್ದು. ಅರ್ಧ ನಿಮಿಷವೋ ಒಂದು ನಿಮಿಷವೋ ಕಾದರೆ ಆರ್‌ಪಿಎಂ ಮೇಲೇರುತ್ತದೆ. ಅರ್ಧಂಬರ್ಧ ಎಳೆಯುವುದೂ ಸಲ್ಲದು, ಎಳೆದರೆ ಪೂರ್ತಿ.

ಒಮ್ಮೆಲೇ ಒರಟಾಗಿ ನಡುಗಲು ಶುರುವಾದರೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳಲ್ಲಿ ಒಂದನ್ನು ಶಂಕಿಸಿ. ಎತ್ತರವಿರುವಾಗ ಕೀಲಿಯನ್ನು ಎಡಕ್ಕೆ, ಬಲಕ್ಕೆ ಒಂದೊಂದಾಗಿ ಇಟ್ಟು ನೋಡಿ, ಯಾವುದರಲ್ಲಿ ಎಂಜಿನ್ ಸಲೀಸಾಗಿ ಓಡುತ್ತದೋ ಅದರಲ್ಲೇ ಬಿಟ್ಟು ಹತ್ತಿರದ ನಿಲ್ದಾಣಕ್ಕೆ ಹೋಗಿ. ಸ್ಪಾರ್ಕ್ ಪ್ಲಗ್‌ಗೆ ಮಸಿ ಕಟ್ಟಿದ್ದರೆ ಮಿಕ್ಸ್ಚರ್ ಸ್ವಲ್ಪ ತೆಳು ಮಾಡಿದಾಗ ಸುಧಾರಿಸಬಹುದು.

ಆಯಿಲ್ ಒತ್ತಡದ ಮುಳ್ಳು ಬಿದ್ದಿದೆ, ಆಯಿಲ್ ಉಷ್ಣತೆ ಮಾತ್ರ ಎಂದಿನಂತಿದೆ ಎಂದಾದರೆ ಮಾಪಕವೇ ಕೆಟ್ಟಿರಬಹುದು. ಆದರೂ ಹತ್ತಿರದ ನಿಲ್ದಾಣದಲ್ಲಿ ಇಳಿಯಬೇಕು. ಒತ್ತಡ ಬಿದ್ದು ಉಷ್ಣತೆ ಏರುತ್ತಿದ್ದರೆ ಎಂಜಿನ್ ನಿಲ್ಲಲು ಹೆಚ್ಚು ಹೊತ್ತಿಲ್ಲ. ಬಲ ತಗ್ಗಿಸಿ, ಬಲ ಉಳಿದಿರುವಾಗಲೇ ಒಳ್ಳೆಯ ಹೊಲ ಆರಿಸಿ ಇಳಿದುಬಿಡುವುದು ಜಾಣತನ.

ರೇಡಿಯೊ

ವೇಗ, ಹೊಲ, ಮರುಚಾಲನೆ ಆದ ಮೇಲೆ ಮಾತು. ಈಗಾಗಲೇ ಯಾವ ಕಂಪನಾಂಕದಲ್ಲಿದ್ದೀರೋ ಅಲ್ಲಿಯೇ ಮಾತಾಡಿ. ಯಾರೂ ಉತ್ತರಿಸದಿದ್ದರೆ ತುರ್ತು ಕಂಪನಾಂಕ 121.5. ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ ತುರ್ತು ಸಂಕೇತ 7700. ವಾಕ್ಯ ಹೀಗಿರಲಿ: ‘ಮೇಡೇ, ಮೇಡೇ, ಮೇಡೇ, ಹುಬ್ಬಳ್ಳಿ ಟವರ್’, ನಿಮ್ಮ ಕರೆಹೆಸರು, ‘ಸೆಸ್ನಾ 172, ಎಂಜಿನ್ ಫೇಲ್ಯೂರ್, ಫೋರ್ಸ್ಡ್ ಲ್ಯಾಂಡಿಂಗ್, ಫೈವ್ ಮೈಲ್ಸ್ ವೆಸ್ಟ್ ಆಫ್ ಅಣ್ಣಿಗೇರಿ, ತ್ರೀ ಥೌಸಂಡ್ ಫೀಟ್, ಟೂ ಪರ್ಸನ್ಸ್ ಆನ್ ಬೋರ್ಡ್’. ಇದರಲ್ಲಿ ಜೀವ ಉಳಿಸುವ ಭಾಗ ಊರಿನ ಹೆಸರು. ತಗ್ಗಿಗೆ ಬಂದಂತೆ ರೇಡಿಯೊ ತಲುಪುವುದಿಲ್ಲ, ಆದ್ದರಿಂದ ಎತ್ತರವಿರುವಾಗಲೇ ಅದನ್ನು ಹೇಳಿ ಮುಗಿಸಬೇಕು.

ಹೊಲಕ್ಕೆ ಇಳಿಯುವುದು

ಆರಿಸಿದ ಹೊಲದ ಮೇಲೆ ಸುತ್ತು ಹಾಕುತ್ತ ಎತ್ತರ ಕಳೆಯಿರಿ, ಹೊಲಕ್ಕೆ ಬೆನ್ನು ಹಾಕಿ ದೂರ ಹೋಗಬೇಡಿ. ಇಳಿಯುವ ಬಿಂದುವಿನ ಪಕ್ಕಕ್ಕೆ, ಎಂದಿನ ಸರ್ಕಿಟ್‌ನ ಹಾಗೆ, ನೆಲದಿಂದ ಸುಮಾರು ಸಾವಿರ ಅಡಿಯಲ್ಲಿ ಬರುವಂತೆ ನೋಡಿಕೊಂಡರೆ ಉಳಿದದ್ದು ಕೈಗೆ ರೂಢಿಯಿರುವ ಲೆಕ್ಕವೇ. ಮೊದಲು ಹೊಲದ ಮೂರರಲ್ಲಿ ಒಂದು ಭಾಗ ಒಳಗೆ ಗುರಿಯಿಡಿ. ಅಲ್ಲಿಗೆ ತಲುಪುವುದು ಖಚಿತವಾದ ಮೇಲೆ ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿ ಗುರಿಯನ್ನು ಅಂಚಿನ ಕಡೆಗೆ ಎಳೆದುಕೊಳ್ಳಿ. ಎತ್ತರ ಹೆಚ್ಚಾದರೆ ಫ್ಲಾಪ್, ಅಡ್ಡಜಾರುವಿಕೆ, ಸುತ್ತುದಾರಿ ಇವೆಲ್ಲ ಇವೆ. ಕಡಿಮೆಯಾದರೆ ಯಾವ ಉಪಾಯವೂ ಇಲ್ಲ. ಹೊಲದ ಆಚೆ ತುದಿಯ ಬದುವಿಗೆ ನಿಧಾನವಾಗಿ ಬಡಿಯುವುದು, ಈಚೆ ತುದಿಯ ತಂತಿಗೆ ಹಾರುವ ವೇಗದಲ್ಲಿ ಬಡಿಯುವುದಕ್ಕಿಂತ ಸಾವಿರ ಪಾಲು ವಾಸಿ.

ಈ ತಿರುವುಗಳಲ್ಲಿಯೇ ಅತಿ ದೊಡ್ಡ ಅಪಾಯ ಅಡಗಿದೆ. 45 ಡಿಗ್ರಿ ವಾಲಿದಾಗ ಸ್ಟಾಲ್ ವೇಗ ಶೇಕಡಾ 19ರಷ್ಟು, 60 ಡಿಗ್ರಿಯಲ್ಲಿ ಶೇಕಡಾ 41ರಷ್ಟು ಏರುತ್ತದೆ. ಕೊನೆಯ ತಿರುವಿನಲ್ಲಿ ಹೊಲದ ಗೆರೆ ತಪ್ಪಿತೆಂದು ರಡ್ಡರ್ ಒತ್ತಿ ಮೂಗು ಎಳೆದರೆ ಸ್ಪಿನ್, ಅಂದರೆ ವಿಮಾನ ಸ್ಟಾಲ್ ಆಗಿ ಗಿರಗಿರನೆ ತಿರುಗುತ್ತ ಬೀಳುತ್ತದೆ, ಆ ಎತ್ತರದಿಂದ ಚೇತರಿಕೆಯಿಲ್ಲ. ವಾಲುವುದು 30 ಡಿಗ್ರಿಯೊಳಗಿರಲಿ. ಗೆರೆ ತಪ್ಪಿದರೆ ಪಕ್ಕದ ಹೊಲದಲ್ಲಿ ಇಳಿದರಾಯಿತು.

ಇಳಿಯುವುದು ಖಚಿತವಾದಾಗ ಮಿಕ್ಸ್ಚರ್ ಪೂರ್ತಿ ಹಿಂದಕ್ಕೆ, ಇಂಧನ ಬಂದ್, ಇಗ್ನಿಷನ್ ಆಫ್. ಫ್ಲಾಪ್ ವಿದ್ಯುತ್ತಿನಿಂದ ನಡೆಯುವುದಾದರೆ ಅದನ್ನು ಪೂರ್ತಿ ಇಳಿಸಿದ ಮೇಲೆಯೇ ಮಾಸ್ಟರ್ ಸ್ವಿಚ್ ಆಫ್ ಮಾಡಬೇಕು. ಬಾಗಿಲುಗಳ ಚಿಲಕ ತೆಗೆದಿಡಿ, ಚೌಕಟ್ಟು ಬಾಗಿದರೆ ಆಮೇಲೆ ತೆರೆಯುವುದಿಲ್ಲ. ನಡುವೆ ಬಟ್ಟೆಯೋ ಶೂವೋ ಸಿಕ್ಕಿಸಬಹುದು. ಪ್ರಯಾಣಿಕರಿಗೆ ಬೆಲ್ಟ್ ಬಿಗಿಯಲು, ಕನ್ನಡಕ ಮತ್ತು ಜೇಬಿನ ಚೂಪಾದ ವಸ್ತು ತೆಗೆಯಲು, ಹಣೆಯನ್ನು ತೋಳುಗಳಲ್ಲಿ ಹುದುಗಿಸಲು ಹೇಳಿ. ಆದಷ್ಟು ಕಡಿಮೆ ವೇಗದಲ್ಲಿ, ಬಾಲ ತುಸು ತಗ್ಗಿಸಿ, ಹಿಂದಿನ ಚಕ್ರಗಳ ಮೇಲೆ ಕೂರಿಸಿ. ಕೊನೆಯವರೆಗೂ, ವಿಮಾನ ಅಲುಗಾಟ ನಿಲ್ಲಿಸುವ ತನಕವೂ, ಅದನ್ನು ಹಾರಿಸುತ್ತಲೇ ಇರಬೇಕು. ಕಂಬವೋ ಮರವೋ ಅನಿವಾರ್ಯವಾಗಿ ಎದುರಾದರೆ ರೆಕ್ಕೆಗಳು ಪೆಟ್ಟು ತಿನ್ನಲಿ, ಕೂತಿರುವ ಜಾಗ ಉಳಿಯಲಿ. ಗಂಟೆಗೆ 80 ಕಿಲೋಮೀಟರ್ ವೇಗ ಸಮನಾಗಿ ತಗ್ಗಲು ಮೂರು ಮೀಟರ್ ಸಿಕ್ಕರೂ ದೇಹದ ಮೇಲೆ ಬೀಳುವ ಹೊರೆ ಒಂಬತ್ತು ಜಿ ಒಳಗೆ ಇರುತ್ತದೆ, ಭುಜದ ಬೆಲ್ಟ್ ಕಟ್ಟಿದ ಮನುಷ್ಯ ಅದನ್ನು ತಾಳಿಕೊಳ್ಳುತ್ತಾನೆ. 2023ರ ಮೇ ತಿಂಗಳಲ್ಲಿ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಬೆಳಗಾವಿ ಹತ್ತಿರದ ಹೊನ್ನಿಹಾಳದಲ್ಲಿ ಹೊಲಕ್ಕೆ ಇಳಿದಾಗ ಒಳಗಿದ್ದ ಇಬ್ಬರೂ ಬದುಕಿ ಹೊರಬಂದರು.

ಟೇಕ್‌ಆಫ್ ಆದ ಕೂಡಲೇ ನಿಂತರೆ

ಇಲ್ಲಿ ಯೋಚಿಸಲು ಸಮಯವಿಲ್ಲ, ಆದ್ದರಿಂದ ಯೋಚನೆಯನ್ನು ರನ್‌ವೇ ತುದಿಯಲ್ಲಿ ನಿಂತಾಗಲೇ ಗಟ್ಟಿಯಾಗಿ ಹೇಳಿ ಮುಗಿಸಬೇಕು. ಹುಬ್ಬಳ್ಳಿಯ ರನ್‌ವೇ ಎರಡು ಸಾವಿರ ಮೀಟರಿಗೂ ಉದ್ದವಾಗಿದೆ; ಸಣ್ಣ ವಿಮಾನ ಪೂರ್ತಿ ಉದ್ದ ಬಳಸಿ ಹೊರಟರೆ ಮೊದಲ ನೂರು, ನೂರೈವತ್ತು ಅಡಿಯಲ್ಲಿ ಎಂಜಿನ್ ನಿಂತರೂ ಮುಂದೆ ಉಳಿದಿರುವ ರನ್‌ವೇ ಮೇಲೆಯೇ ಇಳಿಯಬಹುದು. ಸಮಯ ಉಳಿಸಲೆಂದು ನಡುವಿನಿಂದ ಹೊರಡುವವರು ಈ ಅವಕಾಶವನ್ನು ತಾವೇ ಬಿಟ್ಟುಕೊಡುತ್ತಾರೆ. ರನ್‌ವೇ 26ರಿಂದ ಪಶ್ಚಿಮಕ್ಕೆ ಏರಿದರೆ ಮುಂದೆ ಬಯಲು ಸಿಗುತ್ತದೆ, ಅದರ ಇನ್ನೊಂದು ತುದಿಯಾದ 08ರಿಂದ ಪೂರ್ವಕ್ಕೆ ಏರಿದರೆ ಹುಬ್ಬಳ್ಳಿ ಊರು. ಆಗ ಯಾವ ಕಡೆ ಮನೆ ಕಡಿಮೆ ಎಂಬುದನ್ನು ಮೊದಲೇ ಗುರುತು ಹಾಕಿಕೊಂಡಿರಬೇಕು.

ಅದಕ್ಕೂ ಮೇಲೆ ನಿಂತರೆ ಮೂಗನ್ನು ಕೂಡಲೇ, ನಿಸ್ಸಂಕೋಚವಾಗಿ ಕೆಳಗಿಳಿಸಿ, 70 ನಾಟ್ ಹಿಡಿದು, ಎಡಬಲಕ್ಕೆ 30 ಡಿಗ್ರಿಯೊಳಗೆ ಸಿಗುವ ಜಾಗದಲ್ಲಿ ಇಳಿಯಿರಿ. ರನ್‌ವೇಗೆ ಹಿಂದಿರುಗುವ ಆಸೆ ಅನೇಕರ ಜೀವ ತೆಗೆದಿದೆ. ಅದು 180 ಡಿಗ್ರಿಯ ತಿರುವಲ್ಲ. ರನ್‌ವೇ ಗೆರೆಗೆ ಸೇರಲು 220 ಡಿಗ್ರಿ ದಾಟಿ ತಿರುಗಿ ಮತ್ತೆ ಈಚೆಗೆ ವಾಲಬೇಕು, ಅದೂ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು. ಎಷ್ಟು ಎತ್ತರದಲ್ಲಿ ಇದು ಸಾಧ್ಯ ಎಂಬುದನ್ನು ಬೋಧಕರ ಜೊತೆ ಸುರಕ್ಷಿತ ಎತ್ತರದಲ್ಲಿ ಅಳೆದು ನೋಡದವರು ನೆಲದಿಂದ ಸಾವಿರ ಅಡಿಯೊಳಗೆ ಹಿಂದಿರುಗುವ ಮಾತೆತ್ತಬಾರದು.

ಬೆಂಕಿ

ಎಂಜಿನ್ ಭಾಗದಿಂದ ಹೊಗೆಯೋ ಜ್ವಾಲೆಯೋ ಕಂಡರೆ ಮೇಲಿನ ಮರುಚಾಲನೆಯ ಮಾತೇ ಇಲ್ಲ. ಮಿಕ್ಸ್ಚರ್ ಹಿಂದಕ್ಕೆ, ಇಂಧನ ಬಂದ್, ಪಂಪ್ ಆಫ್, ಮಾಸ್ಟರ್ ಆಫ್, ಕ್ಯಾಬಿನ್ ಹೀಟ್ ಮತ್ತು ಗಾಳಿಯ ದಾರಿ ಮುಚ್ಚಿ, ಮೂಗು ಇಳಿಸಿ 100 ನಾಟ್ ಹಿಡಿಯಿರಿ. ಆರದಿದ್ದರೆ ಇನ್ನೂ ವೇಗ. ಆರಿದ ಎಂಜಿನ್ನನ್ನು ಮತ್ತೆ ಹೊತ್ತಿಸಬಾರದು.

ನಿಂತ ಮೇಲೆ

ಎಲ್ಲರನ್ನೂ ಇಳಿಸಿ, ಗಾಳಿ ಬರುವ ದಿಕ್ಕಿಗೆ ಐವತ್ತು ಮೀಟರ್ ಆದರೂ ದೂರ ಕರೆದೊಯ್ಯಿರಿ. ಗಾಯವಿದ್ದರೆ 112. ಈ ಭಾಗದಲ್ಲಿ ಹೊಲದಲ್ಲಿ ವಿಮಾನ ಇಳಿದ ಐದೇ ನಿಮಿಷದಲ್ಲಿ ಊರೆಲ್ಲ ಸೇರುತ್ತದೆ, ಮತ್ತು ಬರುವವರು ನೆರವಾಗಲೆಂದೇ ಓಡಿ ಬರುತ್ತಾರೆ. ಅವರಲ್ಲಿ ಹಿರಿಯರೊಬ್ಬರನ್ನು ನೋಡಿ ‘ಕಾಕಾ, ಯಾರಿಗೂ ಹತ್ರ ಬಿಡಬ್ಯಾಡ್ರಿ, ಬೀಡಿ ಹಚ್ಚಬ್ಯಾಡ್ರಿ, ಪೆಟ್ರೋಲ್ ಸೋರಾಕತ್ತೈತಿ’ ಎಂದು ಕೈಮುಗಿದು ಹೇಳಿದರೆ ಆ ಕಾವಲನ್ನು ಅವರೇ ವಹಿಸಿಕೊಳ್ಳುತ್ತಾರೆ. ಹೊಲದ ಯಜಮಾನರಿಗೆ ಬೆಳೆ ಹಾಳಾದದ್ದಕ್ಕೆ ಪರಿಹಾರದ ಮಾತನ್ನು ಅಲ್ಲಿಯೇ, ನೀವಾಗಿಯೇ ಎತ್ತಿ, ಅದು ನ್ಯಾಯ.

ಟವರ್‌ಗೆ ಫೋನ್ ಮಾಡಿ ಇಳಿದ ಸುದ್ದಿ, ಜಾಗ, ಜನರ ಸ್ಥಿತಿ ತಿಳಿಸಿ, ಇಲ್ಲವಾದರೆ ಹುಡುಕಾಟ ನಡೆಯುತ್ತಲೇ ಇರುತ್ತದೆ. ವಿಮಾನದ 406 ಮೆಗಾಹರ್ಟ್ಸ್ ತುರ್ತು ಟ್ರಾನ್ಸ್‌ಮಿಟರ್ ಪೆಟ್ಟಿಗೆ ಚಾಲೂ ಆಗಿದ್ದರೆ ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರ ಸೇರಿರುತ್ತದೆ. ಹುಡುಕುವವರು ಹೇಳುವ ತನಕ ಅದನ್ನು ಬಂದ್ ಮಾಡಬೇಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮತ್ತು ವಿಮಾನ ಅಪಘಾತ ತನಿಖಾ ಬ್ಯೂರೊಗೆ ಆದಷ್ಟು ಬೇಗ ವರದಿ ಹೋಗಬೇಕು. ಜನರನ್ನು ಬಿಡಿಸಲು ಅಥವಾ ಬೆಂಕಿ ತಡೆಯಲು ಅಗತ್ಯವಾದದ್ದನ್ನು ಬಿಟ್ಟು ವಿಮಾನದ ಯಾವ ಭಾಗವನ್ನೂ ಸರಿಸಬಾರದು, ಸ್ವಿಚ್ಚು, ಸೆಲೆಕ್ಟರ್‌ಗಳು ಯಾವ ಸ್ಥಾನದಲ್ಲಿದ್ದವೋ ಅದರ ಚಿತ್ರ ತೆಗೆದಿಡಬೇಕು. ಮಾಪಕಗಳು ಏನು ತೋರಿಸುತ್ತಿದ್ದವು, ಯಾವ ಎತ್ತರದಲ್ಲಿ ಸದ್ದು ಬದಲಾಯಿತು, ನೀವು ಏನೇನು ಮುಟ್ಟಿದಿರಿ ಎಂಬುದನ್ನು ಆ ದಿನವೇ ಬರೆದಿಡಿ. ವಿಮಾನಕ್ಕೆ ಹೆಚ್ಚು ಪೆಟ್ಟಾಗಿಲ್ಲವೆಂದು ಅದೇ ಹೊಲದಿಂದ ಮತ್ತೆ ಹಾರಿಸಿಕೊಂಡು ಹೋಗುವ ಸಲಹೆ ಯಾರಿಂದಲೋ ಬಂದೇ ಬರುತ್ತದೆ. ಪರವಾನಗಿ ಪಡೆದ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕುವ ತನಕ ಅದಕ್ಕೆ ಒಪ್ಪಬಾರದು. ತನಿಖಾಧಿಕಾರಿಗಳ ಅನುಮತಿ ಸಿಕ್ಕ ಮೇಲೆ ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸುವುದೇ ವಾಡಿಕೆಯ ದಾರಿ, ಮತ್ತು ಮಳೆಗಾಲವಾದರೆ ಲಾರಿ ಎರೆ ಹೊಲದೊಳಗೆ ಬರಲು ನೆಲ ಒಣಗುವ ತನಕ ಕಾಯಬೇಕಾಗುತ್ತದೆ.